ಮಂಗಳದಲ್ಲಿ ಸೈಟೋ, ಬಯಲಲ್ಲಿ ಗಾಲಿಯೋ: ಲೆಕ್ಕ ನೀವೇ ಹಾಕಿ ನೋಡುವ ಬಗೆ

ಬೆಂಗಳೂರಿನಲ್ಲಿ ಸೈಟು ನೋಡಲು ಹೋದವರು ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ, ಎ ಖಾತೆಯೋ ಬಿ ಖಾತೆಯೋ, ಜೋರು ಮಳೆಗೆ ರಸ್ತೆ ಕೆರೆಯಾಗುತ್ತದಾ ಎಂದು ವಿಚಾರಿಸದೆ ಅಡ್ವಾನ್ಸ್ ಕೊಡುವುದಿಲ್ಲ. ಮನುಷ್ಯ ಭೂಮಿ ಬಿಟ್ಟು ಎಲ್ಲಿ ನೆಲೆಸಬೇಕು ಎಂಬ ಮಾತು ಬಂದರೆ ಮಾತ್ರ ಇದೇ ಜನ ಒಂದು ಪ್ರಶ್ನೆಯನ್ನೂ ಕೇಳದೆ ಮಂಗಳಕ್ಕೆ ಹೊರಟುಬಿಡುತ್ತಾರೆ. ಅಲ್ಲಿ ನೆಲವಿದೆ, ನೆಲ ಕೆಂಪಗಿದೆ, ದಿನ 24 ಗಂಟೆ 39 ನಿಮಿಷ. ಸೈಟು ಒಪ್ಪಿಕೊಳ್ಳಲು ಇಷ್ಟು ಸಾಕೆ?

ಬೇಡ ಎನ್ನುವ ವಾದಕ್ಕೂ ಐವತ್ತು ವರ್ಷ ದಾಟಿತು. ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1974ರಲ್ಲಿ ಇದನ್ನು ಬರೆದು ಮುಂದಿಟ್ಟರು: ಗ್ರಹದ ನೆಲಕ್ಕೆ ಇಳಿಯುವುದೇ ಬೇಡ, ಬಾಹ್ಯಾಕಾಶದ ಬಯಲಲ್ಲೇ ತಿರುಗುವ ಟೊಳ್ಳು ಗಾಲಿ ಕಟ್ಟಿ ಅದರ ಒಳಮೈಯಲ್ಲಿ ಊರು ಮಾಡೋಣ. ಮರುವರ್ಷ ನಾಸಾ ಮತ್ತು ಸ್ಟ್ಯಾನ್‌ಫರ್ಡ್ ಸೇರಿ ನಡೆಸಿದ ಬೇಸಿಗೆ ಅಧ್ಯಯನ 10,000 ಜನರ, ನಿಮಿಷಕ್ಕೊಂದು ಸುತ್ತು ಹಾಕುವ ಉಂಗುರದ ನಕ್ಷೆ ಕೊಟ್ಟಿತು. ಕಲ್ಪನಾ ಚಾವ್ಲಾ ಹೆಸರಿಟ್ಟ ಇನ್ನೊಂದು ನಕ್ಷೆ, ಕಲ್ಪನಾ ಒನ್, 3,000 ಜನರದ್ದು: ತ್ರಿಜ್ಯ 250 ಮೀಟರ್, ಉದ್ದ 325 ಮೀಟರ್.

ಎರಡರಲ್ಲಿ ಯಾವುದು ಎಂಬುದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ತೂಗಿ ನೋಡಬಹುದು. ಶಾಲೆಯ ವಿಜ್ಞಾನ ಸಂಘಕ್ಕೆ ಇದು ಒಂದು ಭಾನುವಾರದ ಕೆಲಸ. ಜತೆಗೆ ಎರಡು ವಾರ ನಡೆಯುವ ಒಂದು ಪ್ರಯೋಗವಿದೆ. ಬೇಕಾದ್ದು ಗ್ರಾಫ್ ಹಾಳೆ, ಸೈಂಟಿಫಿಕ್ ಕ್ಯಾಲ್ಕುಲೇಟರ್, ಒಂದು ಬಕೆಟ್, ಗಟ್ಟಿ ಹಗ್ಗ, 20 ಲೀಟರಿನ ಎರಡು ನೀರಿನ ಕ್ಯಾನ್. ಪ್ರಯೋಗಕ್ಕೆ ಇನ್ನೂ ಸ್ವಲ್ಪ ಸಾಮಾನು ಬೇಕು, ಅದು ಮುಂದೆ ಬರುತ್ತದೆ.

ಬಿಡಾರವೋ, ಊರೋ

ಹಾಳೆಯಲ್ಲಿ ಗಾಲಿ, ಮಂಗಳ, ಚಂದ್ರ ಎಂದು ಮೂರು ಕಾಲಂ ಹಾಕಿ ಮೊದಲ ಸಾಲಿನಲ್ಲಿ ಇದನ್ನು ಬರೆದುಕೊಳ್ಳಿ: ಅಲ್ಲಿ ಮಕ್ಕಳು ಹುಟ್ಟಿ ಬೆಳೆಯುತ್ತಾರೋ ಇಲ್ಲವೋ? ಅಂಟಾರ್ಕ್ಟಿಕಾದಲ್ಲಿ ಭಾರತದ ಸಂಶೋಧನಾ ಕೇಂದ್ರಗಳಾದ ಮೈತ್ರಿ ಇದೆ, ಭಾರತಿ ಇದೆ. ಜನ ಪಾಳಿಯಂತೆ ಹೋಗುತ್ತಾರೆ, ಕೆಲಸ ಮುಗಿಸಿ ಮನೆಗೆ ಬರುತ್ತಾರೆ. ಅದು ಬಿಡಾರ. ಬಿಡಾರಕ್ಕೆ ಮಂಗಳವೂ ಆದೀತು, ಚಂದ್ರನೂ ಆದೀತು. ಊರಿನ ಮಾತೇ ಬೇರೆ. ಬರುವ ಪ್ರಾಜೆಕ್ಟುಗಳಲ್ಲಿ ಮುಕ್ಕಾಲುಪಾಲು ಎಡವುವುದು ಇಲ್ಲೇ: ಬಿಡಾರದ ಅಂಕಿ ಹಿಡಿದು ಊರಿನ ನಕ್ಷೆ ಬರೆಯುತ್ತಾರೆ.

ಊರು ಎಂದು ಬರೆದಿರಾದರೆ ಜನಸಂಖ್ಯೆ 1,000 ಎಂದು ಹಿಡಿಯಿರಿ. ತಲಾ ಲೆಕ್ಕ ಸುಲಭವಾಗುತ್ತದೆ.

ತೂಕ: ಬಕೆಟ್ಟಿನಿಂದ ಶುರು ಮಾಡಿ

ಬಕೆಟ್ಟಿಗೆ ಕಾಲು ಭಾಗ ನೀರು ಹಾಕಿ ಹಿಡಿಗೆ ಹಗ್ಗ ಕಟ್ಟಿ. ಕೈಯಿಂದ ನೀರಿನವರೆಗೆ ಒಂದು ಮೀಟರ್ ಬರಲಿ. ಟೆರೇಸಿನಲ್ಲಿ ಸುತ್ತಮುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ತಲೆಯ ಮೇಲಿಂದ ಕೆಳಕ್ಕೆ ಸುತ್ತಿಸಿ. ಎರಡು ಸೆಕೆಂಡಿಗೆ ಒಂದು ಸುತ್ತು ಬಂದರೆ ಬಕೆಟ್ ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ಅದಕ್ಕಿಂತ ನಿಧಾನವಾದರೆ ನಿಮಗೆ ಸ್ನಾನ. ಒಂದು ಮೀಟರ್ ತ್ರಿಜ್ಯಕ್ಕೆ ಭೂಮಿಯಷ್ಟೇ ತೂಕ ಬರಬೇಕಾದರೆ ನಿಮಿಷಕ್ಕೆ ಸುಮಾರು 30 ಸುತ್ತು ಬೇಕು ಎಂದಾಯಿತು. ಗಾಲಿ ಊರಿನಲ್ಲಿ ನೀರಿನ ಜಾಗದಲ್ಲಿ ಜನರಿರುತ್ತಾರೆ, ಬಕೆಟ್ಟಿನ ತಳ ಅವರ ನೆಲ.

ಸೂತ್ರ ಇಷ್ಟೇ: ಭೂಮಿಯ ತೂಕಕ್ಕೆ ಬೇಕಾದ ತ್ರಿಜ್ಯ (ಮೀಟರಿನಲ್ಲಿ) = 894 ಭಾಗಿಸು ಸುತ್ತಿನ ವರ್ಗ. ಸುತ್ತು ಎಂದರೆ ನಿಮಿಷಕ್ಕೆ ಎಷ್ಟು ಎಂಬುದು. ನಿಮಿಷಕ್ಕೆ 1 ಸುತ್ತಾದರೆ 894 ಮೀಟರ್, 2 ಆದರೆ 224, 3 ಆದರೆ 99, 4 ಆದರೆ 56, 6 ಆದರೆ 25. ಗ್ರಾಫ್ ಹಾಳೆಯಲ್ಲಿ ಈ ಐದು ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಆರು ಸುತ್ತಿನ 25 ಮೀಟರ್ ಗಾಲಿ ಕಂಡ ಕೂಡಲೇ ಎಲ್ಲರಿಗೂ ಆಸೆಯಾಗುತ್ತದೆ, ಕಬ್ಬಿಣ ಎಷ್ಟು ಉಳಿಯಿತು ಎಂದು. ಅಲ್ಲೇ ಇರುವುದು ಸಿಕ್ಕು.

ಪಾರ್ಕಿನ ಮೆರ್ರಿ-ಗೋ-ರೌಂಡಿನಲ್ಲಿ ಇಬ್ಬರು ಎದುರುಬದುರು ಕೂತು ಚೆಂಡು ಎಸೆದಾಡಿ ನೋಡಿ. ನೇರ ಎಸೆದ ಚೆಂಡು ಪಕ್ಕಕ್ಕೆ ಹೋಗುತ್ತದೆ. ಗಾಲಿ ಊರಿನಲ್ಲಿ ತಲೆ ತಿರುಗಿಸಿದಾಗ ಕಿವಿಯೊಳಗಿನ ದ್ರವಕ್ಕೂ ಇದೇ ಗತಿ. ವಾಂತಿ ಬರುವುದು ಅದಕ್ಕೇ. ನಿಮಿಷಕ್ಕೆ 2 ಸುತ್ತಿನವರೆಗೆ ಹೆಚ್ಚಿನವರಿಗೆ ತೊಂದರೆಯಿಲ್ಲ, 4ಕ್ಕೆ ಅಭ್ಯಾಸ ಬೇಕು ಎಂಬುದು ವಿನ್ಯಾಸಗಾರರು ಸಾಮಾನ್ಯವಾಗಿ ಹಿಡಿಯುವ ಗೆರೆ. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಊರಿಗೆ 2 ದಾಟಬೇಡಿ.

ಇನ್ನೊಂದು ಪರೀಕ್ಷೆ ಓಟದ್ದು. ಅಂಚಿನ ವೇಗ ಕಂಡುಹಿಡಿಯಿರಿ: 224 ಮೀಟರ್ ಗಾಲಿಯಲ್ಲಿ ಸೆಕೆಂಡಿಗೆ 47 ಮೀಟರ್, 25 ಮೀಟರ್ ಗಾಲಿಯಲ್ಲಿ 15.7. ಒಬ್ಬ ಹುಡುಗ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಗಾಲಿ ತಿರುಗುವ ಕಡೆಗೇ ಓಡಿದರೆ ಅವನ ತೂಕ (47+5)ನ್ನು 47ರಿಂದ ಭಾಗಿಸಿ ವರ್ಗ ಮಾಡಿದಷ್ಟು, ಎಂದರೆ 1.22 ಪಟ್ಟು. ಎದುರಿಗೆ ಓಡಿದರೆ 0.80. ಇದನ್ನು ತಡೆದುಕೊಳ್ಳಬಹುದು. ಚಿಕ್ಕ ಗಾಲಿಯಲ್ಲಿ ಅದೇ ಹುಡುಗ ಒಂದು ಕಡೆಗೆ 1.74 ಪಟ್ಟು ಭಾರ, ಇನ್ನೊಂದು ಕಡೆಗೆ 0.46 ಪಟ್ಟು. ಬಸ್ಸಿಗೆ ಓಡಿದವನು ಹತ್ತುವ ಮೊದಲೇ ಬೀಳುತ್ತಾನೆ.

ಗಾಲಿಯ ಉದ್ದದಲ್ಲೂ ಒಂದು ಬಲೆಯಿದೆ. ಉದ್ದನೆಯ ಕೊಳವೆ ಚಿತ್ರದಲ್ಲಿ ಚೆಂದ, ಆದರೆ ಉದ್ದದ ಅಕ್ಷದ ಸುತ್ತ ತಿರುಗುವ ಪೆನ್ಸಿಲ್ ಆಕಾರದ ವಸ್ತು ಒಳಗಿನ ಸಣ್ಣ ಅಲುಗಾಟದಿಂದ ಶಕ್ತಿ ಕಳೆದುಕೊಳ್ಳುತ್ತಾ ಕೊನೆಗೆ ಅಡ್ಡಡ್ಡ ತಿರುಗಲು ಶುರು ಮಾಡುತ್ತದೆ. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಹೀಗೇ ಮಾಡಿತು. ಅಲುಗಾಡಿದ್ದು ಅದರ ಬಳುಕುವ ಆಂಟೆನಾ. ಊರಿನಲ್ಲಿ ಜನ, ನೀರು, ವಾಹನ ಎಲ್ಲವೂ ಅಲುಗಾಡುತ್ತವೆ. ಉದ್ದ ತ್ರಿಜ್ಯದ 1.3 ಪಟ್ಟು ಮೀರದಂತೆ ನೋಡಿಕೊಳ್ಳಿ. ಕಲ್ಪನಾ ಒನ್‌ನ 325 ಬಂದದ್ದು 250ನ್ನು 1.3ರಿಂದ ಗುಣಿಸಿ. ನಮ್ಮ 224ಕ್ಕೆ 290 ಮೀಟರ್.

ಈಗ ಮಂಗಳದ ಕಾಲಂ ತೆಗೆದುಕೊಳ್ಳಿ. ಅಲ್ಲಿನ ಗುರುತ್ವ ಭೂಮಿಯದರ ಶೇ. 38, ಚಂದ್ರನದು ಶೇ. 16.5. ಇದು ಬದಲಿಸಲಾಗದ ಅಂಕಿ. ಅರೆ ಗುರುತ್ವದಲ್ಲಿ ಮನುಷ್ಯ ಒಮ್ಮೆಗೆ ಅತಿ ಹೆಚ್ಚು ಕಳೆದ ಹೊತ್ತು ಎಂದರೆ 1972ರ ಅಪೋಲೋ 17ರ ಇಬ್ಬರು ಚಂದ್ರನ ಮೇಲಿದ್ದ 75 ಗಂಟೆ. ಮೂರು ದಿನದ ಅನುಭವ ಹಿಡಿದು ಒಂದು ಮಗುವಿನ ಮೂಳೆ ಹದಿನೆಂಟು ವರ್ಷ ಹೇಗೆ ಬೆಳೆಯುತ್ತದೆ ಎಂದು ಹೇಳಲಾಗದು. ಗಾಲಿಗೆ ಇರುವ ಎಲ್ಲಕ್ಕಿಂತ ದೊಡ್ಡ ಅನುಕೂಲ ಇದೇ: ತೂಕ ಎಷ್ಟಿರಬೇಕೆಂದು ನೀವು ಹೇಳುತ್ತೀರಿ, ಗ್ರಹ ಹೇಳುವುದಿಲ್ಲ.

ಗೋಡೆ: ಗಾಳಿ ಎಷ್ಟು ಜೋರಾಗಿ ಒದೆಯುತ್ತದೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯೊತ್ತಡ ಸುಮಾರು 91 ಕಿಲೋಪಾಸ್ಕಲ್. ಚದರ ಮೀಟರಿಗೆ ಒಂಬತ್ತೂಕಾಲು ಟನ್. ಹೊರಗೆ ನಿರ್ವಾತ, ಒಳಗೆ ಇಷ್ಟು ಗಾಳಿ ಎಂದರೆ ಪ್ರತಿ ಚದರ ಮೀಟರ್ ಗೋಡೆಯನ್ನು ಒಳಗಿನಿಂದ ಎರಡು ಆನೆ ತಳ್ಳಿದಂತೆ. ಹಾಗಾಗಿ ವಿನ್ಯಾಸಗಾರರು ಸಾರಜನಕ ಕಡಿಮೆ ಮಾಡಿ, ಆಮ್ಲಜನಕವನ್ನು ಸುಮಾರು 22 ಕಿಲೋಪಾಸ್ಕಲ್‌ನಲ್ಲೇ ಇಟ್ಟು, ಒಟ್ಟು 50ರ ಸುಮಾರಿಗೆ ಇಳಿಸುತ್ತಾರೆ. ಇದಕ್ಕಿಂತ ಇಳಿಸಿದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಏರಿ ಬೆಂಕಿ ಬೇಗ ಹರಡುತ್ತದೆ; ಆ ಆಸೆಗೆ ಬೀಳಬೇಡಿ.

ಉಕ್ಕಿನ ಗೋಡೆಯ ದಪ್ಪಕ್ಕೆ ಮೂರು ಅಂಕಿ ಬೇಕು. ಮೊದಲನೆಯದು ಗಾಳಿ: 50 ಕಿಲೋಪಾಸ್ಕಲ್. ಎರಡನೆಯದು ನೆಲದ ಮೇಲಿನ ಹೊರೆ: ಮನೆ, ಮಣ್ಣು, ಮರ ಸೇರಿ ಚದರ ಮೀಟರಿಗೆ 1 ಟನ್ ಎಂದರೆ 9.8 ಕಿಲೋಪಾಸ್ಕಲ್. ಮೂರನೆಯದನ್ನೇ ಎಲ್ಲರೂ ಮರೆಯುವುದು: ತಿರುಗುವ ಉಕ್ಕು ತನ್ನ ತೂಕವನ್ನೂ ತಾನೇ ಹೊರಬೇಕು. ಸಾಂದ್ರತೆ 7,850, ಗುರುತ್ವ 9.8, ತ್ರಿಜ್ಯ 224 ಗುಣಿಸಿದರೆ 17 ಮೆಗಾಪಾಸ್ಕಲ್. ಉಕ್ಕಿಗೆ 200 ಮೆಗಾಪಾಸ್ಕಲ್ ಸುರಕ್ಷಿತ ಎಂದು ಹಿಡಿದರೆ ಉಳಿದದ್ದು 183. ದಪ್ಪ = 59,800 ಗುಣಿಸು 224, ಭಾಗಿಸು 18.3 ಕೋಟಿ. ಉತ್ತರ ಸುಮಾರು 73 ಮಿಲಿಮೀಟರ್.

ಅದೇ ಲೆಕ್ಕವನ್ನು ನಿಮಿಷಕ್ಕೊಂದೇ ಸುತ್ತು ಹಾಕುವ 894 ಮೀಟರ್ ಡ್ರಮ್ಮಿಗೆ ಹಾಕಿ ನೋಡಿ. ಸ್ವಂತ ತೂಕಕ್ಕೇ 69 ಮೆಗಾಪಾಸ್ಕಲ್ ಹೋಗುತ್ತದೆ, ದಪ್ಪ 400 ಮಿಲಿಮೀಟರ್ ದಾಟುತ್ತದೆ. ಡ್ರಮ್ಮು ಬೆಳೆದಷ್ಟೂ ಚದರ ಮೀಟರ್ ನೆಲಕ್ಕೆ ತಗಲುವ ಉಕ್ಕು ಏರುತ್ತಲೇ ಹೋಗುತ್ತದೆ. ಸ್ಟ್ಯಾನ್‌ಫರ್ಡ್ ನಕ್ಷೆ ಡ್ರಮ್ಮಾಗದೆ ಸೈಕಲ್ ಟ್ಯೂಬಿನಂತಾದದ್ದು ಇದೇ ಕಾರಣಕ್ಕೆ: ಟ್ಯೂಬು ಸಣ್ಣದಾದರೆ ಗಾಳಿ ಹಿಡಿಯುವ ಗೋಡೆಯೂ ತೆಳು.

ಮಂಗಳದಲ್ಲಿ ಗೋಡೆ ಬೇಡ, ನೆಲದಡಿ ತೋಡಿಕೊಳ್ಳೋಣ ಎನ್ನುವವರಿದ್ದಾರೆ. ಅಲ್ಲಿನ ವಾತಾವರಣದ ಒತ್ತಡ ಅರ್ಧ ಕಿಲೋಪಾಸ್ಕಲ್‌ಗಿಂತ ಸ್ವಲ್ಪ ಹೆಚ್ಚು, ಎಂದರೆ ಲೆಕ್ಕಕ್ಕೆ ಅದೂ ನಿರ್ವಾತವೇ. ಮೇಲೆ ಹೊದಿಸಿದ ಮಣ್ಣಿನ ತೂಕವೇ ಒಳಗಿನ ಗಾಳಿಯನ್ನು ಒತ್ತಿಹಿಡಿಯಬೇಕಾದರೆ ಎಷ್ಟು ಮಣ್ಣು? ಘನ ಮೀಟರಿಗೆ ಒಂದೂವರೆ ಟನ್ ಮಣ್ಣು ಅಲ್ಲಿನ ಗುರುತ್ವದಲ್ಲಿ ಮೀಟರಿಗೆ 5.6 ಕಿಲೋಪಾಸ್ಕಲ್ ಒತ್ತುತ್ತದೆ. 50ಕ್ಕೆ ಒಂಬತ್ತು ಮೀಟರ್ ಬೇಕು. ಮೂರಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನಡಿ, ಕಿಟಕಿಯಿಲ್ಲದೆ. ಕೆಂಪು ಸೂರ್ಯಾಸ್ತ ನೋಡಲೆಂದು ಹೋದವರಿಗೆ ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಇಟ್ಟಿಗೆಯ ಮಾತೂ ಇಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ತಂಡ ಚಂದ್ರನ ಮಣ್ಣಿನಂಥ ಪುಡಿಗೆ ಒಂದು ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿ 2020ರಲ್ಲಿ ಪ್ರಕಟಿಸಿತು. ಯೂರಿಯಾ ಮನುಷ್ಯನ ಮೂತ್ರದಿಂದ ಬರುತ್ತದೆ. ಮಂಗಳದ ಮಣ್ಣಿನಂಥ ಪುಡಿಯಲ್ಲಿ ಕಬ್ಬಿಣ ಹೆಚ್ಚಿ ಬ್ಯಾಕ್ಟೀರಿಯಾ ಬದುಕಲಿಲ್ಲ. ನಿಕಲ್ ಕ್ಲೋರೈಡ್ ಹಾಕಿದ ಮೇಲೆ ಕೆಲಸವಾಯಿತು. ಒಳ್ಳೆಯ ಇಟ್ಟಿಗೆ, ಆದರೆ ನಿಮ್ಮ ನಕ್ಷೆಯಲ್ಲಿ ಅದರಿಂದ ಗಾಳಿ ಹಿಡಿಯುವ ಗೋಡೆ ಕಟ್ಟಬೇಡಿ. ಇಟ್ಟಿಗೆ ಅದುಮಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಗಾಳಿ ಮಾಡುವುದು ಎಳೆಯುವ ಕೆಲಸ. ಇಟ್ಟಿಗೆಯನ್ನು ವಿಕಿರಣ ತಡೆಯುವ ಹೊರಗೋಡೆಗೆ, ರಾಕೆಟ್ ಇಳಿಯುವ ಕಟ್ಟೆಗೆ, ರಸ್ತೆಗೆ ಬಳಸಿ.

ಕವಚ: ಟಿಪ್ಪರ್ ಲೋಡುಗಳ ಲೆಕ್ಕ

ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದ ವಿಕಿರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್, ನೆಲಕ್ಕಿಳಿದ ಮೇಲೆ 0.65ರ ಆಸುಪಾಸು. ಚೀನಾದ ಚಾಂಗ್-ಅ 4 ಚಂದ್ರನ ಮೇಲೆ ಅಳೆದದ್ದು 1.37. ಇವನ್ನು 365ರಿಂದ ಗುಣಿಸಿ ಬರೆದುಕೊಳ್ಳಿ: ಬಯಲಲ್ಲಿ ವರ್ಷಕ್ಕೆ 650, ಚಂದ್ರನಲ್ಲಿ 500, ಮಂಗಳದಲ್ಲಿ 240. ಅಣುಸ್ಥಾವರದ ಕೆಲಸಗಾರರಿಗೆ ಸರಾಸರಿ ಮಿತಿ ವರ್ಷಕ್ಕೆ 20. ನೆಲವಿದ್ದರೆ ಅರ್ಧ ಆಕಾಶ ತಾನೇ ಮುಚ್ಚುತ್ತದೆ, ಮಂಗಳಕ್ಕೆ ತೆಳು ಗಾಳಿಯ ಆಸರೆಯೂ ಉಂಟು. ಈ ಸಾಲಿನಲ್ಲಿ ಗ್ರಹಕ್ಕೇ ಹೆಚ್ಚು ಅಂಕ. ಆದರೂ ಮೂರೂ ಕಡೆ ಕವಚ ಬೇಕೇ ಬೇಕು.

ಬಯಲ ಗಾಲಿಗೆ ಚದರ ಮೀಟರಿಗೆ 5 ಟನ್ ಮಣ್ಣು ಎಂದು ಹಿಡಿಯಿರಿ. ಸ್ಟ್ಯಾನ್‌ಫರ್ಡ್ ಅಧ್ಯಯನ ಹಿಡಿದದ್ದು ನಾಲ್ಕೂವರೆ. ನಮ್ಮ ಡ್ರಮ್ಮಿನ ಸುತ್ತುಗೋಡೆ 4.08 ಲಕ್ಷ ಚದರ ಮೀಟರ್, ಎರಡು ಮುಚ್ಚಳ ಸೇರಿ 3.15 ಲಕ್ಷ, ಒಟ್ಟು 7.23 ಲಕ್ಷ. ಐದರಿಂದ ಗುಣಿಸಿದರೆ 36 ಲಕ್ಷ ಟನ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತೂಕ ಸುಮಾರು 420 ಟನ್. ಹತ್ತು ವರ್ಷದಲ್ಲಿ ಕಟ್ಟಿ ಮುಗಿಸಬೇಕಾದರೆ ದಿನಕ್ಕೆ ಸಾವಿರ ಟನ್, ಹತ್ತು ಟನ್ನಿನ ನೂರು ಟಿಪ್ಪರ್, ಒಂದು ದಿನವೂ ರಜೆಯಿಲ್ಲದೆ. ಮನುಷ್ಯ ಈವರೆಗೆ ಕ್ಷುದ್ರಗ್ರಹಗಳಿಂದ ತಂದದ್ದು ಎಷ್ಟು ಗೊತ್ತೇ? ರ್ಯುಗುವಿನಿಂದ 5.4 ಗ್ರಾಂ, ಬೆನ್ನುವಿನಿಂದ 121.6 ಗ್ರಾಂ, ಇಟೊಕಾವಾದಿಂದ ಒಂದಷ್ಟು ಧೂಳಿನ ಕಣ. ಬಯಲ ವಾದಿಗಳ ಪ್ರಾಜೆಕ್ಟುಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣೆಯಾಗಿರುತ್ತದೆ.

ಈ ಕವಚವನ್ನು ಗಾಲಿಗೆ ಅಂಟಿಸಿ ಜತೆಗೇ ತಿರುಗಿಸಿದರೆ ಚದರ ಮೀಟರಿಗೆ ಇನ್ನೂ 49 ಕಿಲೋಪಾಸ್ಕಲ್ ಹೊರೆ. 73 ಮಿಲಿಮೀಟರ್ ಉಕ್ಕು 133 ಆಗುತ್ತದೆ. ಅದಕ್ಕೇ ಕವಚವನ್ನು ತಿರುಗದ ಚಿಪ್ಪಾಗಿ ಹೊರಗೆ ನಿಲ್ಲಿಸಿ, ಗಾಲಿ ಒಳಗೆ ತಿರುಗಲಿ. ನಡುವಿನ ಸಂದಿ ಉಜ್ಜಿದರೆ ಏನಾಗುತ್ತದೆ ಎಂಬುದಕ್ಕೆ ಅಂಚಿನ ವೇಗ ಮತ್ತೊಮ್ಮೆ ನೋಡಿ: ಗಂಟೆಗೆ 170 ಕಿಲೋಮೀಟರ್. ಸಂದಿ ಕೆಲವು ಮೀಟರ್ ಬಿಡಿ.

ಕವಚದ ಹೊರೆ ತಪ್ಪಿಸಲು ಒಂದು ದಾರಿ ಇದೆ. ಭೂಮಧ್ಯರೇಖೆಯ ಮೇಲೆ, ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತಿದರೆ ಭೂಮಿಯ ಕಾಂತಕ್ಷೇತ್ರವೂ ಭೂಮಿಯ ಮೈಯೂ ಸೇರಿ ಬಹುಪಾಲು ವಿಕಿರಣ ತಡೆಯುತ್ತವೆ. ಕಲ್ಪನಾ ಒನ್ ತಂಡದ ಆಲ್ ಗ್ಲೋಬಸ್ ಆಮೇಲೆ ವಾದಿಸಿದ್ದು ಇದನ್ನೇ. ಆದರೆ ಶ್ರೀಹರಿಕೋಟಾ 13.7 ಡಿಗ್ರಿ ಉತ್ತರದಲ್ಲಿದೆ. ಕಕ್ಷೆಯ ಓರೆಯನ್ನು ಅಷ್ಟೂ ತಿದ್ದಲು ಸೆಕೆಂಡಿಗೆ 1.8 ಕಿ.ಮೀ. ವೇಗ ಹೆಚ್ಚುವರಿ ಬೇಕು. ದಕ್ಷಿಣ ಅಮೆರಿಕದ ಉಡಾವಣಾ ತಾಣ, 5 ಡಿಗ್ರಿಯ ಕೌರೂನಿಂದಾದರೆ 0.7 ಸಾಕು. ಇನ್ನು ಎತ್ತರ ಕಾಯ್ದುಕೊಳ್ಳಲು ಆಗಾಗ ಎಂಜಿನ್ ಉರಿಸುತ್ತಿರಬೇಕು. ಬಿಟ್ಟರೆ ತೆಳುಗಾಳಿಯೇ ಎಳೆದು ಕೆಡವುತ್ತದೆ, 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿದ್ದಂತೆ.

ಊಟ, ಕರೆಂಟು, ಬಿಸಿ

ಒಬ್ಬರಿಗೆ ದಿನಕ್ಕೆ ಆಮ್ಲಜನಕ 0.84 ಕಿಲೋ, ಒಣ ಆಹಾರ 0.6 ಕಿಲೋ, ಕುಡಿಯಲು ಎರಡೂವರೆ ಮೂರು ಲೀಟರ್ ನೀರು. ಅವರು ಬಿಡುವುದು ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಬೆಳೆಗೆ ತಲಾ 50 ಚದರ ಮೀಟರ್ ಇಡಿ. ದೀಪದಡಿ ಬೆಳೆದರೆ ಚದರ ಮೀಟರಿಗೆ 220 ವ್ಯಾಟ್ ಎಲ್‌ಇಡಿ, ದಿನಕ್ಕೆ 16 ಗಂಟೆ. ತಿಂಗಳಿಗೆ 5,280 ಯೂನಿಟ್ ಆಯಿತು. ಗೃಹಜ್ಯೋತಿಯ ಮಿತಿ ಮನೆಗೆ 200 ಯೂನಿಟ್. ಇಲ್ಲಿ ಒಬ್ಬರ ಊಟಕ್ಕೇ ಅಂಥ 26 ಮನೆಯ ಕರೆಂಟು.

ಬಯಲಲ್ಲಿ ಸೂರ್ಯ ಚದರ ಮೀಟರಿಗೆ 1,361 ವ್ಯಾಟ್ ಕೊಡುತ್ತಾನೆ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಒಂದೂವರೆ ಗಂಟೆಯ ಸುತ್ತಿಗೆ ಸುಮಾರು 35 ನಿಮಿಷ ನೆರಳು. ಮಂಗಳದಲ್ಲಿ 590 ವ್ಯಾಟ್, ಅದೂ ಧೂಳಿಲ್ಲದಿದ್ದರೆ. 2018ರ ಧೂಳಿನ ಬಿರುಗಾಳಿಗೆ ಸೌರಫಲಕದ ಆಪರ್ಚುನಿಟಿ ರೋವರ್ ಮಾತು ನಿಲ್ಲಿಸಿತು. ಚಂದ್ರನಲ್ಲಿ ರಾತ್ರಿ ಎಂದರೆ ಹದಿನಾಲ್ಕು ದಿನ.

ಬಳಸಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ನಿರ್ವಾತದಲ್ಲಿ ಫ್ಯಾನು ಉಪಯೋಗಕ್ಕಿಲ್ಲ, ಬಿಸಿ ಬೆಳಕಾಗಿಯೇ ಹೊರಹೋಗಬೇಕು. 20 ಡಿಗ್ರಿಯ ಫಲಕದ ಒಂದು ಮುಖದಿಂದ ಚದರ ಮೀಟರಿಗೆ 377 ವ್ಯಾಟ್ ಹೋಗುತ್ತದೆ. ತಲಾ 10 ಕಿಲೋವ್ಯಾಟ್ ಎಂದರೆ 27 ಚದರ ಮೀಟರ್ ಫಲಕ. ಇದನ್ನು ನಕ್ಷೆಯಲ್ಲಿ ಬರೆಯದವರ ಊರು ಮೊದಲ ವಾರವೇ ಬೇಯುತ್ತದೆ.

ಕ್ಯಾನ್ ಪ್ರಯೋಗ

ಮುಚ್ಚಿದ ಊರು ಕೆಡುವುದು ಹೇಗೆ ಎಂದು ಕಣ್ಣಾರೆ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಂಎಚ್-ಝಡ್19 ಎಂಬ ಇಂಗಾಲದ ಡೈಆಕ್ಸೈಡ್ ಸೆನ್ಸರ್ ಎರಡು ತನ್ನಿ, ಅದರ ಅಂಕಿ ಓದಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು. ಪಾರದರ್ಶಕ ಕ್ಯಾನ್ ಎರಡಕ್ಕೂ ಚೆನ್ನಾಗಿ ತೊಳೆದ ಎಂ-ಸ್ಯಾಂಡ್ ಎರಡೆರಡು ಕಿಲೋ, ಕಾಂಪೋಸ್ಟ್ ನೂರು ನೂರು ಗ್ರಾಂ, ನೀರು ಕಾಲು ಲೀಟರ್. ಮೊಳಕೆ ಬಂದ ಅಲಸಂದೆ ಆರಾರು ಕಾಳು. ಎರಡನೆಯ ಕ್ಯಾನಿಗೆ ಮಾತ್ರ ಒಂದು ಸಿಮೆಂಟು, ಮೂರು ಮರಳಿನ ಗಾರೆಯಿಂದ ಮಾಡಿ ಎರಡು ದಿನ ಹೊರಗಿಟ್ಟ ಹೆಬ್ಬೆರಳು ಗಾತ್ರದ ನಾಲ್ಕು ತುಂಡು ಇಳಿಬಿಡಿ. ಸೆನ್ಸರನ್ನು ಮುಚ್ಚಳದ ಒಳಗೆ ತೂಗಿಬಿಟ್ಟು ವೈರಿನ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಹದಿನಾಲ್ಕು ದಿನ ಬರೆದುಕೊಳ್ಳಿ.

ಅಲಸಂದೆಯೇ ಏಕೆಂದರೆ ಬೇಗ ಮೊಳೆಯುತ್ತದೆ; 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತದಲ್ಲಿ ಇಸ್ರೋ ಮೊಳೆಯಿಸಿದ ಎಂಟು ಬೀಜವೂ ಅದೇ, ನಾಲ್ಕು ದಿನದಲ್ಲಿ. ಮೆಂತ್ಯ, ಹೆಸರುಕಾಳೂ ಆಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದ ಪ್ರಯೋಗದಲ್ಲಿ 2025ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದು ಅವೆರಡು.

ಕೈಕೊಡುವ ಕಡೆಗಳು: ಕ್ಯಾನನ್ನು ಬಿಸಿಲಿಗಿಟ್ಟರೆ ಗಿಡ ಬೆಂದುಹೋಗುತ್ತದೆ, ವರಾಂಡದ ಬೆಳಕು ಸಾಕು. ಕಾಂಪೋಸ್ಟ್ ಹೆಚ್ಚಾದರೆ ಅಂಕಿ 5,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಮುಟ್ಟಿ ಅಲ್ಲೇ ನಿಲ್ಲುತ್ತದೆ, ಅದು ಸೆನ್ಸರಿನ ಮಿತಿ, ಗಾಳಿಯದಲ್ಲ. ಒಳಗೆ ಬೆವರಿದ ನೀರು ಸೆನ್ಸರ್ ಮೇಲೆ ತೊಟ್ಟಿಕ್ಕಿದರೆ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಮೇಲೊಂದು ಪ್ಲಾಸ್ಟಿಕ್ ಟೋಪಿ ಹಾಕಿ. ಎಲ್ಲಕ್ಕಿಂತ ಮುಖ್ಯ, ಈ ಸೆನ್ಸರ್ 24 ಗಂಟೆಯಲ್ಲಿ ಕಂಡ ಕನಿಷ್ಠ ಅಂಕಿಯೇ ಹೊರಗಾಳಿಯ 400 ಪಿಪಿಎಂ ಎಂದು ತಾನೇ ತಿದ್ದಿಕೊಳ್ಳುತ್ತದೆ. ಮುಚ್ಚಿದ ಕ್ಯಾನಿನಲ್ಲಿ ಹೊರಗಾಳಿ ಎಲ್ಲಿಂದ ಬರಬೇಕು? ಆ ಸ್ವಯಂ ತಿದ್ದುವಿಕೆಯನ್ನು ಕೋಡಿನಲ್ಲಿ ಆಫ್ ಮಾಡದಿದ್ದರೆ ಎರಡನೇ ದಿನದಿಂದ ನೀವು ಬರೆಯುವುದೆಲ್ಲ ಸುಳ್ಳು.

ಮೊದಲ ಕ್ಯಾನಿನಲ್ಲಿ ಅಂಕಿ ರಾತ್ರಿ ಏರುತ್ತದೆ, ಹಗಲು ಇಳಿಯುತ್ತದೆ. ಗಾರೆಯ ಕ್ಯಾನಿನಲ್ಲಿ ಏರಿಕೆಯೇ ಮೊಟಕು: ಹಸಿ ಸಿಮೆಂಟಿನ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಕುಡಿದು ಸುಣ್ಣಕಲ್ಲಾಗುತ್ತದೆ. ಅರಿಜೋನಾದ ಬಯೋಸ್ಫಿಯರ್ 2ರಲ್ಲಿ ಆದದ್ದೂ ಇದೇ. 1991ರಲ್ಲಿ ಎಂಟು ಜನ ಒಂದೂಕಾಲು ಹೆಕ್ಟೇರಿನ ಗಾಜಿನ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಹದಿನಾರು ತಿಂಗಳಲ್ಲಿ ಆಮ್ಲಜನಕ ಶೇ. 20.9ರಿಂದ ಸುಮಾರು 14ಕ್ಕೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಉಸಿರಾಡಿದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ಸಿಗುವ ಬದಲು ಕಾಂಕ್ರೀಟಿಗೆ ಹೋಗಿ ಸೇರಿತು. ಸೋರಿಕೆ ಎಲ್ಲಿದೆ ಎಂದು ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಅಲ್ಲಿ ಗೋಡೆಯಾಚೆಗೇ ಗಾಳಿಯಿತ್ತು.

ನಮ್ಮ ಕೆಮ್ಮಣ್ಣನ್ನು ಮಂಗಳದ ಮಣ್ಣೆಂದು ಬಳಸುವ ಪ್ರಯೋಗಗಳೂ ಕಾಣುತ್ತವೆ. ಬಣ್ಣ ಒಂದೇ, ಎರಡೂ ಕಡೆ ಕಬ್ಬಿಣದ ತುಕ್ಕು. ಆದರೆ ನಮ್ಮದು ಜೀವ ತುಂಬಿದ ಮಣ್ಣು. ಮಂಗಳದ್ದರಲ್ಲಿ ಶೇ. ಅರ್ಧದಿಂದ ಒಂದರಷ್ಟು ಪರ್‌ಕ್ಲೋರೇಟ್ ಇದೆ, ಅದು ಥೈರಾಯ್ಡಿಗೆ ವಿಷ. ಅದನ್ನು ಕೊಂಡು ತಂದು ಬೆರೆಸುವ ಸಾಹಸ ಬೇಡ. ಅದೇ ಜಾತಿಯ ಉಪ್ಪನ್ನು ರಾಕೆಟ್ಟಿನ ಘನ ಇಂಧನಕ್ಕೆ ಹಾಕುತ್ತಾರೆ.

ಬಾವಿಯ ಆಳ, ದಾರಿ, ಖಾತೆ

ಕಾವೇರಿ ನೀರನ್ನು ಬೆಂಗಳೂರಿಗೆ ತರಲು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡುತ್ತಾರೆ; ಬಿಲ್ಲಿನ ಭಾರವೆಲ್ಲ ಆ ಎತ್ತರದ್ದು. ಗ್ರಹಗಳನ್ನೂ ಬಾವಿಯಂತೆ ಅಳೆಯಬಹುದು. ಅಲ್ಲಿಂದ ಪೂರ್ತಿ ಹೊರಬರುವುದನ್ನು ನಮ್ಮ ನೆಲದ ತೂಕದಲ್ಲಿ ಎತ್ತಿದ ಎತ್ತರವಾಗಿ ಬದಲಿಸಿದರೆ ಭೂಮಿ 6,400 ಕಿ.ಮೀ. ಆಳದ ಬಾವಿ, ಮಂಗಳ 1,290, ಚಂದ್ರ 290. ಕರೆಂಟಿನ ಲೆಕ್ಕದಲ್ಲಿ ಕಿಲೋಗೆ ಕನಿಷ್ಠ 17.4 ಯೂನಿಟ್, 3.5 ಯೂನಿಟ್, 0.8 ಯೂನಿಟ್. ಕವಚದ ಮಣ್ಣು ಚಂದ್ರನಿಂದಲೇ ಬರಬೇಕು ಎನ್ನುವುದಕ್ಕೆ ಈ 0.8 ಕಾರಣ. ಭೂಮಿಯ ಬಾವಿಯಿಂದ ಇಷ್ಟು ಕಷ್ಟಪಟ್ಟು ಮೇಲೆ ಬಂದವರು ಮತ್ತೆ 1,290ರ ಬಾವಿಗೆ ಇಳಿಯುವುದೇಕೆ ಎಂಬುದೇ ಓನೀಲರ ಮೂಲ ಪ್ರಶ್ನೆ.

ದಾರಿಯ ಸಾಲಿನಲ್ಲಿ ಮಂಗಳ ಪೂರ್ತಿ ಸೋಲುತ್ತದೆ. ಅಗ್ಗದ ದಾರಿ ತೆರೆಯುವುದು 26 ತಿಂಗಳಿಗೊಮ್ಮೆ, ಪಯಣ ಆರರಿಂದ ಒಂಬತ್ತು ತಿಂಗಳು. ಪಂಪಿನ ವಾಷರ್ ಹೋದರೆ ಮೂರು ವರ್ಷ ಕಾಯಬೇಕಾಗಬಹುದು. ಪ್ರತಿಯೊಂದು ಬಿಡಿಭಾಗಕ್ಕೂ ಎರಡಲ್ಲ, ನಾಲ್ಕು ಹಿಡಿಯಿರಿ. ಚಂದ್ರ ಮೂರು ದಿನ. ಹತ್ತಿರದ ಕಕ್ಷೆಯಿಂದ ಅದೇ ದಿನ ಮನೆಗೆ ಇಳಿಯಬಹುದು.

ಖಾತೆ ಎಲ್ಲೂ ಆಗುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರ, ಮಂಗಳಗಳನ್ನು ತನ್ನದೆನ್ನುವಂತಿಲ್ಲ, ಭಾರತವೂ ಅದಕ್ಕೆ ಸಹಿ ಹಾಕಿದೆ. ಆದರೆ ನೀವೇ ಹಾರಿಸಿ ಕಟ್ಟಿದ ಗಾಲಿ ನಿಮ್ಮದೇ.

ಹಾಳೆ ಓದುವಾಗ

ಮೂರು ಕಾಲಂ ತುಂಬಿದ ಮೇಲೆ ನಮ್ಮ ಓದು ಹೀಗಿದೆ: ಮಕ್ಕಳಿರುವ ಊರು ಭೂಮಿಯ ಹತ್ತಿರದ ಬಯಲಲ್ಲಿ, ಚಂದ್ರ ಅದಕ್ಕೆ ಕಲ್ಲುಕ್ವಾರಿ, ಮಂಗಳ ವಿಜ್ಞಾನಿಗಳ ಬಿಡಾರ. ಇದನ್ನು ಒಪ್ಪದ ತಂಡವೂ ಒಂದಿರಲಿ, ಆದರೆ ಅವರು ಯಾವ ಅಂಕಿ ಬದಲಿಸಿ ಬೇರೆ ಉತ್ತರ ತಂದರು ಎಂದು ಹಾಳೆಯಲ್ಲಿ ತೋರಿಸಲಿ.

ಅವರು ಬದಲಿಸಲು ಹೋಗುವುದು ಬಹುತೇಕ 38ರ ಅಂಕಿಯನ್ನೇ. ಮುಂದೆ ಪ್ರಾಣಿಗಳನ್ನು ತಿರುಗುಯಂತ್ರದಲ್ಲಿ ತಲೆಮಾರುಗಟ್ಟಲೆ ಸಾಕಿ, ಶೇ. 38 ಗುರುತ್ವ ಬೆಳೆಯುವ ಮೈಗೆ ಸಾಕು ಎಂದು ಸಿದ್ಧವಾದರೆ ಮಂಗಳದ ದೊಡ್ಡ ಅಡ್ಡಿ ಹೋಯಿತಲ್ಲ ಎನ್ನುತ್ತಾರೆ. ಸರಿ, ಅದೇ 0.38ನ್ನು ಗಾಲಿಯ ಕಾಲಂಗೂ ಹಾಕಿಸಿ. ನಿಮಿಷಕ್ಕೆ 2 ಸುತ್ತಿನ ತ್ರಿಜ್ಯ 224ರಿಂದ 85 ಮೀಟರಿಗೆ ಇಳಿಯುತ್ತದೆ, ಉದ್ದ 110ಕ್ಕೆ, ಉಕ್ಕಿನ ದಪ್ಪ 73ರಿಂದ 23 ಮಿಲಿಮೀಟರಿಗೆ. ನೆಲ ತಲಾ 59 ಚದರ ಮೀಟರ್ ಉಳಿಯುತ್ತದೆ, ಬೆಳೆಯನ್ನು ಅಟ್ಟದ ಮೇಲೆ ಅಟ್ಟ ಹಾಕಿ ಬೆಳೆಯಬೇಕು. ಕವಚ 36 ಲಕ್ಷ ಟನ್ನಿನಿಂದ 5.2 ಲಕ್ಷಕ್ಕೆ, ದಿನಕ್ಕೆ ನೂರು ಟಿಪ್ಪರ್ ಇದ್ದದ್ದು ಹದಿನಾಲ್ಕು ಹದಿನೈದು.